ಏಳನೇ ರೋಲಿನ ಹಗ್ಗಗಳು

ನಿವೃತ್ತನಾಗಿ ಆರು ವರ್ಷವಾದರೂ ಒಂದು ಚಟ ನನ್ನನ್ನು ಬಿಟ್ಟಿಲ್ಲ. ಯಾವ ಫೋಟೊ ಕಂಡರೂ ಮೊದಲು ಅದರ ಎಡ ಬಲ ಸರಿಯಾಗಿದೆಯೇ ಎಂದು ನೋಡುತ್ತೇನೆ. ಮದುವೆಯ ಆಲ್ಬಂ ಕೈಗೆ ಬಂದರೆ ಉಳಿದವರು ಒಡವೆ, ಸೀರೆ ನೋಡುವಾಗ ನಾನು ಹೆಂಗಸರ ಸೆರಗು ಎಡಹೆಗಲ ಮೇಲಿದೆಯೇ, ಗಂಡಸರ ಅಂಗಿ ಜೇಬು ಎಡಕ್ಕಿದೆಯೇ ಎಂದು ಹುಡುಕುತ್ತಿರುತ್ತೇನೆ. "ಇವರಿಗೆ ಫೋಟೊ ತೋರಿಸೋದೂ ಒಂದೇ, ಪೊಲೀಸ್ನೋರಿಗೆ ತೋರಿಸೋದೂ ಒಂದೇ" ಎಂದು ನನ್ನ ಹೆಂಡತಿ ಜಯಮ್ಮ ನೆಂಟರ ಮುಂದೆ ಗೇಲಿ ಮಾಡುತ್ತಾಳೆ. ನಾನೂ ನಗುತ್ತೇನೆ. ಈ ಚಟ ಹತ್ತಿದ್ದು ಒಂದು ಹಳೆಯ ಹಾಯಿ ಹಡಗಿನಿಂದ.

ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಮೂವತ್ತು ವರ್ಷಕ್ಕೂ ಮೀರಿ ಫೋಟೊಗ್ರಾಫರ್ ಆಗಿದ್ದೆ. ಈಗ ಅದೇ ಕೆಲಸಕ್ಕೆ ಸೇರಿರುವ ಇಬ್ಬರು ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದು, ಕೆಲಸ ನಿಜಕ್ಕೂ ಹೇಗಿತ್ತು ಅಂತ ಬರೆದುಕೊಡಿ ಸರ್ ಎಂದರು. ನನಗೆ ಯಾವಾಗ ಯಾವ ಗ್ರೇಡು ಸಿಕ್ಕಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಲವಾಲದ ಹೊಲದ ಬದುವಿನಿಂದ ಬಂದವನಿಗೆ ಡಾರ್ಕ್‌ರೂಮಿನ ಕೆಂಪು ದೀಪ ತೋರಿಸಿದವರು ಅನಂತಯ್ಯನವರು. ಅವರು ನನಗಿಂತ ಹಿರಿಯ ಫೋಟೊಗ್ರಾಫರು, ನಶ್ಯ ಹಾಕುತ್ತಿದ್ದರು, ಯಾರನ್ನೂ ಹೊಗಳುತ್ತಿರಲಿಲ್ಲ. ಫಿಲ್ಮಿಗೆ ಎರಡು ಮುಖ, ಒಂದು ಹೊಳೆಯುವುದು, ಇನ್ನೊಂದು ಮಂಕು. ಮಂಕು ಮುಖ ಕೆಳಗೆ ಬರುವಂತೆ ಪ್ರಿಂಟ್ ಹಾಕುವ ಯಂತ್ರಕ್ಕೆ ಹಾಕಿದರೆ ಚಿತ್ರ ನೆಟ್ಟಗೆ ಬರುತ್ತದೆ. ಮರೆತು ಮಗುಚಿ ಹಾಕಿದರೆ ಎಡ ಇದ್ದದ್ದು ಬಲವಾಗುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಸೇರಿದ ವರ್ಷವೇ ನಾನು ಒಂದು ವೀರಗಲ್ಲಿನ ಶಾಸನವನ್ನು ಹಾಗೆ ಮಗುಚಿ ಪ್ರಿಂಟ್ ಹಾಕಿದೆ. ಅನಂತಯ್ಯನವರು ಅದನ್ನು ಕೈತೊಳೆಯುವ ಜಾಗದ ಕನ್ನಡಿಗೆ ಹಿಡಿದು ಪೂರ್ತಿ ಓದಿದರು. ಆಮೇಲೆ, "ಲೋ ಪುಟ್ಟಸ್ವಾಮಿ, ಪುಸ್ತಕ ಕೊಂಡೋರಿಗೆಲ್ಲ ಒಂದೊಂದು ಕನ್ನಡೀನೂ ಕೊಟ್ಬುಡೋಣವೇನೋ?" ಎಂದು ಕೇಳಿದರು. ಆ ದಿನ ನಾನು ಊಟ ಮಾಡಲಿಲ್ಲ.

ಆದರೆ ಆ ತಪ್ಪಿನಿಂದ ನಾನು ಕಲಿತದ್ದು ಅರ್ಧ ಪಾಠ ಮಾತ್ರ. ಅಕ್ಷರ ಇದ್ದರೆ ಮಗುಚಿದ್ದು ಗೊತ್ತಾಗುತ್ತದೆ ಎಂದು ತಿಳಿದುಕೊಂಡೆ. ಅಕ್ಷರ ಇಲ್ಲದಿದ್ದರೆ ಏನು ಗತಿ ಎಂದು ಕೇಳಿಕೊಳ್ಳಲಿಲ್ಲ.

ಹಡಗಿನ ಕೆಲಸ ಬಂದದ್ದು ನಾನು ಆ ಕಸುಬಿನಲ್ಲಿ ಚೆನ್ನಾಗಿ ಪಳಗಿದ್ದೇನೆ ಎಂದು ಎಲ್ಲರೂ, ಮುಖ್ಯವಾಗಿ ನಾನೇ, ನಂಬಿದ್ದ ಕಾಲದಲ್ಲಿ. ನಮ್ಮ ಕ್ಯುರೇಟರ್ ವಿಜಯಲಕ್ಷ್ಮಿ ಮೇಡಂ ಮಂಗಳೂರಿನ ಕಡೆಯ ಒಂದು ಮಂಜಿಯನ್ನು ಪತ್ತೆ ಮಾಡಿದ್ದರು. ಮಂಜಿ ಎಂದರೆ ಹಿಂದೆ ಹೆಂಚು, ಅಕ್ಕಿ ಹೊತ್ತು ಕರಾವಳಿಯುದ್ದಕ್ಕೂ ಓಡಾಡುತ್ತಿದ್ದ ಮರದ ಹಾಯಿ ಹಡಗು. ಅದರ ಒಡಲು ಕೊಳೆತು ಹೋಗಿತ್ತು, ತರಲು ಆಗುವಂತಿರಲಿಲ್ಲ. ಆದರೆ ಕೂವೆಮರ, ಅಂದರೆ ಹಾಯಿ ಏರಿಸುವ ನಡುಗಂಬ, ಅದಕ್ಕೆ ಜೋತುಬಿದ್ದ ಉದ್ದನೆಯ ಅಡ್ಡಮರ, ಅವನ್ನು ಎಳೆದು ಹಿಡಿದ ಹಗ್ಗಗಳು ಗಟ್ಟಿಯಾಗಿದ್ದವು. ಅಷ್ಟನ್ನು ಬಿಚ್ಚಿ ತಂದು ಮೈಸೂರಿನಲ್ಲಿ ನಮ್ಮ ಅಂಗಳದ ಕಲ್ಲುಕಟ್ಟೆಯ ಮೇಲೆ ಇದ್ದ ಹಾಗೆಯೇ ನಿಲ್ಲಿಸಬೇಕೆಂಬುದು ಮೇಡಂ ಆಸೆ. ಬಿಚ್ಚುವ ಮುಂಚೆ ಒಂದೊಂದು ಹಗ್ಗ, ಒಂದೊಂದು ಗಂಟಿನ ಫೋಟೊ ತೆಗೆಯುವ ಕೆಲಸ ನನ್ನದು.

ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರು ಕನ್ನಂಬಾಡಿ ಅಣೆಕಟ್ಟೆಯದು. ಹಡಗು ದಡದ ಪಕ್ಕದಲ್ಲೇ ಕಟ್ಟಿದ್ದರೂ ಹಲಗೆಯ ಮೇಲೆ ಕಾಲಿಟ್ಟ ಕೂಡಲೇ ಎದೆ ಹೊಡೆದುಕೊಳ್ಳತೊಡಗಿತು. ಟ್ರೈಪಾಡ್ ಊರಿದರೆ ಅದೂ ಅಲುಗುತ್ತದೆ, ನಾನೂ ಅಲುಗುತ್ತೇನೆ. ತಲೆಯೆತ್ತಿದರೆ ಆಕಾಶದ ತುಂಬ ಹಗ್ಗ. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಹಿಂಬಾಲಿಸಿದರೆ ಅರ್ಧಕ್ಕೇ ದಾರಿ ತಪ್ಪುತ್ತಿತ್ತು. ಮೊದಲ ದಿನ ತೆಗೆದ ಚಿತ್ರಗಳಲ್ಲಿ ಒಂದೂ ಪ್ರಯೋಜನಕ್ಕೆ ಬರಲಿಲ್ಲ.

ಆ ಮಂಜಿಯ ಹಳೆಯ ತಂಡೇಲರು, ಅಂದರೆ ಅದನ್ನು ನಡೆಸುತ್ತಿದ್ದ ಯಜಮಾನರು, ನಾರಾಯಣ ಎಂದು ಹೆಸರು, ನನ್ನ ಪಾಡು ನೋಡಿ ನಕ್ಕರು. "ಎಂತ ಮಾರಾಯ್ರೆ, ಹಗ್ಗ ನೋಡಿ ಹೆದರುವುದಾ? ಒಂದೊಂದೇ ಮಾತಾಡಿಸಿ, ಅದು ಹೇಳ್ತದೆ" ಎಂದರು. ಎರಡನೆಯ ದಿನ ನನಗೊಂದು ಉಪಾಯ ಹೊಳೆಯಿತು. ನನ್ನ ಬಿಳಿ ಪಂಚೆಯನ್ನು ಒಂದು ಕೋಲಿಗೆ ಕಟ್ಟಿ, ಫೋಟೊ ತೆಗೆಯಬೇಕಾದ ಗಂಟಿನ ಹಿಂದೆ ಹಿಡಿಸಿದೆ. ಹಿಂದಿನ ಗೊಂದಲವೆಲ್ಲ ಮರೆಯಾಗಿ ಆ ಒಂದು ಗಂಟು ಮಾತ್ರ ಬಿಳಿಯ ಮೇಲೆ ಸ್ಪಷ್ಟವಾಗಿ ಕಂಡಿತು. ಬಹುಪಾಲು ಪಂಚೆ ಹಿಡಿದವರು ತಂಡೇಲರೇ. ಐದು ದಿನ ಹೀಗೆ ಹನ್ನೊಂದು ರೋಲು ಮುಗಿಸಿದೆವು. ಪಂಚೆಯ ಬಿಳುಪು ಆಮೇಲೆ ಮರಳಿ ಬರಲಿಲ್ಲ.

ಈ ಪಂಚೆಯ ಉಪಾಯದ ಬಗ್ಗೆ ನಾನು ಬಹಳ ವರ್ಷ ಜಂಬ ಕೊಚ್ಚಿಕೊಂಡಿದ್ದೇನೆ. ಅದೇ ಜಂಬ ನನ್ನ ಕಣ್ಣು ಕಟ್ಟಿತು ಎಂದು ಈಗ ಅನ್ನಿಸುತ್ತದೆ. ಪಂಚೆ ಹಿಡಿದದ್ದರಿಂದ ಗಂಟು ಚೆನ್ನಾಗಿ ಬಂತು, ನಿಜ. ಆದರೆ ಅದರ ಹಿಂದಿದ್ದ ದಡ, ತೆಂಗಿನಮರ, ಪಕ್ಕದ ದೋಣಿಯ ಹೆಸರು, ಇವೆಲ್ಲ ಮುಚ್ಚಿಹೋದವು. ಎಡ ಯಾವುದು ಬಲ ಯಾವುದು ಎಂದು ಹೇಳುವ ಗುರುತುಗಳೆಲ್ಲ ನನ್ನ ಪಂಚೆಯ ಹಿಂದೆ ಉಳಿದವು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಯಾವ ಚಿತ್ರ ಹಡಗಿನ ಎಡಬದಿಯದು, ಯಾವುದು ಬಲಬದಿಯದು ಎಂದು ಅಲ್ಲೇ, ಆ ಕ್ಷಣವೇ ಬರೆದುಕೊಳ್ಳಬೇಕಿತ್ತು. ಹಲಗೆ ಅಲುಗುವಾಗ ಬರೆಯಲು ಕೂತರೆ ವಾಕರಿಕೆ ಬರುತ್ತಿತ್ತು. ಮೈಸೂರಿಗೆ ಹೋಗಿ ಪ್ರಿಂಟ್ ನೋಡಿಕೊಂಡು ಬರೆದರಾಯಿತು ಎಂದು ಬಿಟ್ಟೆ. ಚಿತ್ರದಲ್ಲಿ ಹಡಗಿನ ಮೂತಿ ಯಾವ ಕಡೆಗಿದೆ ಎಂದು ನೋಡಿದರೆ ಬದಿ ತಿಳಿಯುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಿಂಟ್ ಹಾಕುವಾಗ ಏಳನೇ ರೋಲು ಪೂರ್ತಿ ಮಗುಚಿ ಹಾಕಿದ್ದೆ. ಅದು ನನಗೆ ಗೊತ್ತಿರಲಿಲ್ಲ. ಆ ತಪ್ಪು ಚಿತ್ರ ನೋಡಿಕೊಂಡೇ ಅಚ್ಚುಕಟ್ಟಾಗಿ ಪಟ್ಟಿ ಬರೆದೆ, ಮೇಡಂ ಅದಕ್ಕೆ ಸಹಿ ಹಾಕಿದರು.

ಕೂವೆಮರ, ಅಡ್ಡಮರ, ಹಗ್ಗಗಳು ಲಾರಿಯಲ್ಲಿ ಬಂದು ನಮ್ಮ ಅಂಗಳದಲ್ಲಿ ಇಳಿದವು. ನಿಲ್ಲಿಸುವಾಗ ತಂಡೇಲರೇ ಬಂದು ನಿಂತು ಹೇಳಬೇಕೆಂದು ಮಾತಾಗಿತ್ತು. ಆದರೆ ಅಷ್ಟರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಒಂದು ಕಾಲು ಸ್ವಾಧೀನ ತಪ್ಪಿತು. ಪಕ್ಕದ ಮನೆಯವರ ಫೋನಿನಿಂದ ಹೇಳಿಕಳಿಸಿದರು: "ಫೋಟೋ ಉಂಟಲ್ಲ, ಅದರ ಹಾಗೆ ಕಟ್ಟಿ. ನನಗಿಂತ ಅದು ಚೆಂದ ಹೇಳ್ತದೆ." ಹೀಗೆ ಎಲ್ಲ ಭಾರವೂ ನನ್ನ ಫೋಟೊಗಳ ಮೇಲೆ ಬಿತ್ತು.

ಎತ್ತರಕ್ಕೆ ಹತ್ತಿ ಹಗ್ಗ ಕಟ್ಟುವ ಕೆಲಸಕ್ಕೆ ಸಿದ್ದರಾಜು ಬಂದ. ದಸರಾ ಸಮಯದಲ್ಲಿ ಎತ್ತರದ ಕಂಬ, ಗೋಪುರಗಳಿಗೆ ದೀಪದ ಸರ ಕಟ್ಟುವುದು ಅವನ ಕಸುಬು. ರಾಜೀವನಗರದಲ್ಲಿ ಮನೆ, ಇಬ್ಬರು ಸಣ್ಣ ಮಕ್ಕಳು. ಮಾತು ಕಡಿಮೆ, ಕೈ ಚುರುಕು. ಕೂವೆಮರವನ್ನು ಸದ್ಯಕ್ಕೆ ನಾಲ್ಕು ಸರ್ವೆ ಕಂಬಗಳ ಆಸರೆಯಲ್ಲಿ ನಿಲ್ಲಿಸಿದ್ದರು. ಸಿದ್ದರಾಜು ತುದಿಗೆ ಹತ್ತಿ ಹಗ್ಗಗಳನ್ನು ಬಿಗಿದು ಅಲ್ಲೇ ಇರಬೇಕು, ಕೆಳಗಿನವರು ಒಂದೊಂದೇ ಆಸರೆ ತೆಗೆಯಬೇಕು, ಅದಕ್ಕೆ ತಕ್ಕಂತೆ ಅವನು ಹಗ್ಗ ಸರಿಮಾಡಬೇಕು. ಕೊನೆಯ ಆಸರೆ ತೆಗೆದ ಮೇಲೆ ಮರ ಹಗ್ಗಗಳ ಬಲದ ಮೇಲೆಯೇ ನಿಲ್ಲಬೇಕು.

ಅದಕ್ಕೆ ಮುಂಚಿನ ವಾರ ಅವನು ಫೋಟೊಗಳನ್ನು ನೆಲದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡುತ್ತ ಕೂತಿದ್ದ. ನಾನು ಹತ್ತಿರ ಹೋದಾಗ ಕೇಳಿದ: "ಸಾ, ಅಡ್ಡಮರ ಎಡಕ್ಕೆ ಜೋತುಬಿದ್ದದೆ. ಈ ಏಳ್ನೇ ರೋಲಿನ ಹಗ್ಗಗಳೂ ಎಡಕ್ಕೇ ಎಳೀತವೆ. ಬಲಕ್ಕೆ ಇಡ್ಕೊಳೋರು ಯಾರು?"

ನಾನು ಸ್ವಲ್ಪ ಗತ್ತಿನಿಂದಲೇ ಹೇಳಿದೆ. "ಅವರು ಸಮುದ್ರದವರು ಕಣಪ್ಪ, ಅವರ ಲೆಕ್ಕ ನಮಗೆ ತಿಳಿಯಲ್ಲ. ಫೋಟೊ ಸುಳ್ಳು ಹೇಳಲ್ಲ."

"ಸರಿ ಬುಡಿ ಸಾ. ನೀವ್ ಯೋಳಿದ್ ಮೇಲೆ ಆಯ್ತು" ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಮರ ನಿಲ್ಲಿಸುವ ದಿನ ಬೆಂಗಳೂರಿನಿಂದ ಇಲಾಖೆಯ ನಿರ್ದೇಶಕರು ಬಂದಿದ್ದರು. ಅಂಗಳದಲ್ಲಿ ಕುರ್ಚಿ ಹಾಕಿ, ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಕಟ್ಟೆಯ ಪಕ್ಕದಲ್ಲಿ ಇಡಲು ಒಂದು ದೊಡ್ಡ ಚಿತ್ರ ಬೇಕೆಂದು ಮೇಡಂ ಏಳನೇ ರೋಲಿನದೊಂದನ್ನು ಆರಿಸಿದ್ದರು. ತಂಡೇಲರು ಹಗ್ಗವೊಂದನ್ನು ಬಿಚ್ಚಿ ಮತ್ತೆ ಕಟ್ಟಿ ತೋರಿಸುತ್ತಿರುವ ಚಿತ್ರ ಅದು, ಮುಖವಿಲ್ಲ, ಎರಡು ಕೈ ಮಾತ್ರ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನನ್ನ ಕೋಣೆಯಲ್ಲಿ ಅದನ್ನು ರಟ್ಟಿಗೆ ಅಂಟಿಸುತ್ತಿದ್ದೆ. ಗಾಳಿಗುಳ್ಳೆ ಹೋಗಲೆಂದು ಬಟ್ಟೆಯಿಂದ ಉಜ್ಜುತ್ತ ಆ ಕೈಗಳ ಹತ್ತಿರ ಬಂದೆ. ಬಲಗೈಯಲ್ಲಿ ಉಂಗುರದ ಬೆರಳು ಅರ್ಧ ಇರಲಿಲ್ಲ.

ತಂಡೇಲರ ಒಂದು ಬೆರಳು ಹಿಂದೆಂದೋ ಹಗ್ಗಕ್ಕೆ ಸಿಕ್ಕಿ ಹೋಗಿದ್ದು ನನಗೆ ಗೊತ್ತಿತ್ತು. ಆದರೆ ಅವರ ಮನೆಯಲ್ಲಿ ನಾನು ಎರಡು ದಿನ ಉಂಡಿದ್ದೆ. ಅವರು ಎದುರಿಗೆ ಕೂತು ಮೀನಿನ ಸಾರಿನಲ್ಲಿ ಅನ್ನ ಕಲಸುತ್ತಿದ್ದುದು ಕಣ್ಣ ಮುಂದೆ ಬಂತು. ಆ ಬಲಗೈಯಲ್ಲಿ ಐದೂ ಬೆರಳಿದ್ದವು. ಇದ್ದವೇ? ಇದ್ದವು ಅನ್ನಿಸಿತು. ಮರುಗಳಿಗೆ, ಇಲ್ಲ, ನಾನು ಗಮನಿಸಿಯೇ ಇಲ್ಲ ಅನ್ನಿಸಿತು. ಚಿತ್ರ ಮಗುಚಿದ್ದರೆ ಹಗ್ಗಗಳೂ ಮಗುಚಿವೆ. ಹಾಗಾದರೆ ಸಿದ್ದರಾಜು ಕೇಳಿದ್ದೇ ಸರಿ, ಬಲಕ್ಕೆ ಹಿಡಿದುಕೊಳ್ಳುವವರು ಯಾರೂ ಇಲ್ಲ.

ಈಗ ಬರೆಯುವುದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಂಗಳಕ್ಕೆ ಓಡಿಬಂದೆ. ಸಿದ್ದರಾಜು ಕೂವೆಮರದ ಮುಕ್ಕಾಲು ಏರಿದ್ದ. ನಾಲ್ಕು ಆಸರೆಯೂ ಇದ್ದವು. ಕೂಗಬೇಕಿತ್ತು. ನಿರ್ದೇಶಕರ ಬಿಳಿ ಅಂಗಿ, ಮೇಡಂ ಮುಖದ ಸಂತೋಷ ಕಂಡು ಬಾಯಿ ಬರಲಿಲ್ಲ. ಮೊದಲು ಖಾತ್ರಿ ಮಾಡಿಕೊಳ್ಳೋಣ, ನೆಗೆಟಿವ್ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ ಎಂದುಕೊಂಡು ಒಳಗೆ ಹೋದೆ. ನೆಗೆಟಿವ್ ಇದ್ದ ಬೀರುವಿನ ಕೀ ಮೇಡಂ ಬ್ಯಾಗಿನಲ್ಲಿತ್ತು. ಕೇಳಿದರೆ ಏಕೆ ಎಂದು ಹೇಳಬೇಕು. ಇನ್ನೊಂದು ಕೀಗಾಗಿ ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಮತ್ತೆ ಹೊರಗೆ ಬಂದೆ. ಸಿದ್ದರಾಜು ತುದಿ ಮುಟ್ಟಿ ಹಗ್ಗ ಬಿಗಿಯುತ್ತಿದ್ದ, ಒಂದು ಆಸರೆ ತೆಗೆದಾಗಿತ್ತು. ಮತ್ತೆ ಒಳಗೆ ಹೋದೆ. ತಂಡೇಲರ ಪಕ್ಕದ ಮನೆಗೆ ಫೋನ್ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡನೆಯ ಸಲ ಮಾಡಿದಾಗಲೂ ಎತ್ತಲಿಲ್ಲ. ಫೋನಿನಲ್ಲಿ ಯಾರಾದರೂ ಎಲ್ಲ ಸರಿಯಾಗಿದೆ ಎಂದು ಹೇಳಲಿ, ನನ್ನ ಮಾನ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮರದ ಮೇಲಿದ್ದ ಸಿದ್ದರಾಜುವಿನ ಯೋಚನೆ ಆ ಕ್ಷಣದಲ್ಲಿ ಎರಡನೆಯದಾಗಿತ್ತು.

ಮೂರನೆಯ ಸಲ ಹೊರಗೆ ಬಂದಾಗ ಎರಡು ಆಸರೆ ಹೋಗಿದ್ದವು, ಮೂರನೆಯದರ ಕಟ್ಟು ಬಿಚ್ಚುತ್ತಿದ್ದರು. ಕೂವೆಮರದಿಂದ ಕಿರ್ ಎಂಬ ಶಬ್ದ ಬಂತು. ಸಿದ್ದರಾಜು ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ನಿಲ್ಸಿ. ಆಸರೆ ಮುಟ್ಬೇಡಿ" ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಎಲ್ಲರೂ ತಿರುಗಿದರು. ಮೇಡಂ ಎದ್ದು ಬಂದರು. "ಏನ್ರೀ ಇದು ಪುಟ್ಟಸ್ವಾಮಿ?"

"ಮೇಡಂ, ಏಳನೇ ರೋಲು ಮಗುಚಿದೆ. ಹಗ್ಗ ಬಲಕ್ಕೆ ಬರಬೇಕಾದದ್ದು ಎಡಕ್ಕೆ ಬಂದಿದೆ."

"ಗೊತ್ತಾ, ಅನುಮಾನಾನಾ?"

"ಅನುಮಾನ ಮೇಡಂ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಿರ್ದೇಶಕರ ಕಡೆ ತಿರುಗಲಿಲ್ಲ, ನನ್ನನ್ನು ಮತ್ತೇನೂ ಕೇಳಲಿಲ್ಲ. "ಆಸರೆ ವಾಪಸ್ ಕಟ್ರಪ್ಪ. ಕಟ್ಟಿ ಆದ್ಮೇಲೆ ಅವನನ್ನ ಇಳಿಸಿ, ನಿಧಾನಕ್ಕೆ" ಎಂದರು. ಅನುಮಾನ ಎಂಬ ಒಂದು ಮಾತು ಅವರಿಗೆ ಸಾಕಾಯಿತು. ನನಗೆ ಅದೇ ಮಾತು ಸಾಲದೆ ಇಪ್ಪತ್ತು ನಿಮಿಷ ಕಳೆದಿದ್ದೆ.

ಆಸರೆಗಳನ್ನು ಮತ್ತೆ ಕಟ್ಟಿ ಸಿದ್ದರಾಜುವನ್ನು ಇಳಿಸಿದರು. ಅವನ ಮುಂಗೈ ಎರಡೂ ತರಚಿಹೋಗಿದ್ದವು. ಬೀರು ತೆಗೆಸಿ, ಅಂಚಿನ ನಂಬರುಗಳು ನೆಟ್ಟಗೆ ಕಾಣುವಂತೆ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಅರ್ಧ ಬೆರಳು ಎಡಗೈಯಲ್ಲಿತ್ತು. ಮಧ್ಯಾಹ್ನ ತಂಡೇಲರೂ ಫೋನಿಗೆ ಸಿಕ್ಕರು. ಯಾವ ಕೈಯ ಬೆರಳು ಎಂದು ಕೇಳಿದೆ. "ಎಡಗೈ ಮಾರಾಯ್ರೆ. ಬಲಗೈಯದ್ದು ಹೋಗಿದ್ದರೆ ನಿಮ್ಮೆದುರು ಅಷ್ಟು ಊಟ ಮಾಡ್ಲಿಕ್ಕೆ ಆಗ್ತಿತ್ತಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಫೋನಿಟ್ಟು ಅಲ್ಲೇ ಅತ್ತುಬಿಟ್ಟೆ.

ನನಗೆ ಮೆಮೊ ಬಂತು. ಪರಿಶೀಲಿಸದೆ ಪಟ್ಟಿಗೆ ಸಹಿ ಹಾಕಿದ್ದು ತಮ್ಮ ತಪ್ಪು ಎಂದು ಮೇಡಂ ಕೂಡ ಬರೆದುಕೊಟ್ಟರು. ನಾನು ಕಂಡ ಮೇಲಧಿಕಾರಿಗಳಲ್ಲಿ ಹಾಗೆ ಬರೆದುಕೊಟ್ಟವರು ಅವರೊಬ್ಬರೇ. ಹದಿನೈದು ದಿನದ ಮೇಲೆ ಹಗ್ಗಗಳನ್ನು ಸರಿಯಾಗಿ ಬಲಕ್ಕೆ ಕಟ್ಟಿ ಮರ ನಿಲ್ಲಿಸಿದರು. ಹತ್ತಿದವನು ಸಿದ್ದರಾಜುವೇ. ಮರ ಈಗಲೂ ನಿಂತಿದೆ.

ಆಮೇಲೆ ನಾನು ತೆಗೆದ ಪ್ರತಿ ಚಿತ್ರದ ಮೂಲೆಯಲ್ಲೂ ಅಕ್ಷರ ಬರೆದ ಒಂದು ಚೀಟಿ ಇದೆ. ಟಿಪ್ಪಣಿಯನ್ನು ನಿಂತ ಜಾಗದಲ್ಲೇ ಬರೆದಿದ್ದೇನೆ, ವಾಕರಿಕೆ ಬಂದರೂ. ಈಗ ಡಿಜಿಟಲ್ ಬಂದಿದೆ, ಮಗುಚಲು ಫಿಲ್ಮೇ ಇಲ್ಲವಲ್ಲ ಸರ್ ಎಂದು ಹೊಸಬರು ಹೇಳುತ್ತಾರೆ. ಅವರಲ್ಲೊಬ್ಬಳು ಮೊನ್ನೆ ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನನ್ನ ಜೊತೆ ಒಂದು ಸೆಲ್ಫಿ ತೆಗೆದು ತೋರಿಸಿದಳು. ಅದರಲ್ಲಿ ನನ್ನ ಅಂಗಿಯ ಜೇಬು ಬಲ ಎದೆಯ ಮೇಲಿತ್ತು. ನಾನು ಅದನ್ನು ತೋರಿಸಿದಾಗ ಅವಳು ನಗುವುದನ್ನು ನಿಲ್ಲಿಸಿದಳು.

ಸಿದ್ದರಾಜು ಅಂದಿನಿಂದ ಪ್ರತಿ ವರ್ಷ ಆಯುಧಪೂಜೆಯ ಮಾರನೆಯ ದಿನ ಸಿಹಿ ತೆಗೆದುಕೊಂಡು ನಮ್ಮ ಮನೆಗೆ ಬರುತ್ತಾನೆ. "ನಮ್ಮ ಜೀವ ಉಳಿಸ್ದೋರು ಕಣಮ್ಮ ಇವರು" ಎಂದು ಜಯಮ್ಮನಿಗೆ ಹೇಳುತ್ತಾನೆ. ಆ ಮಾತು ಕೇಳುವಾಗ ನಾನು ಯಾವಾಗಲೂ ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ವರ್ಷವಿಡೀ ಆ ದಿನ ಹತ್ತಿರ ಬರುತ್ತಿದೆಯಲ್ಲ ಎಂದು ಹೆದರುತ್ತೇನೆ.

ಇದನ್ನು ಬರೆದ ಮೇಲೆ ಅಚ್ಚಿಗೆ ಕೊಡುವ ಮುಂಚೆ ಅವನಿಗೆ ಹೇಳಲೇಬೇಕು ಅನ್ನಿಸಿತು. ಹೋದ ವಾರ ರಾಜೀವನಗರಕ್ಕೆ ಹೋದೆ. ಅವನಿಗೂ ಈಗ ತಲೆ ನರೆತಿದೆ, ಹತ್ತುವುದನ್ನು ಬಿಟ್ಟಿದ್ದಾನೆ. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಕೀ ಹುಡುಕಿದ್ದು, ಫೋನ್ ಮಾಡಿದ್ದು, ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದು, ಏನನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ಗೊತ್ತು ಸಾ" ಎಂದ.

"ಏನು ಗೊತ್ತು?"

"ಮ್ಯಾಲಿಂದ ಎಲ್ಲಾ ಕಾಣ್ತದೆ ಸಾ. ನೀವು ಎರಡ್ ಸಲ ಆಚೆ ಬಂದು, ನನ್ನ ನೋಡಿ, ಅಂಗೇ ಒಳಕ್ ಓದ್ರಿ. ಏನೋ ಎಡವಟ್ಟಾಗದೆ, ಯೋಳಕ್ಕೆ ಎದರ್ತಾವ್ರೆ ಅಂತ ಆವಾಗ್ಲೇ ಅನ್ಕೊಂಡೆ. ಮೂರನೇ ಸಲ ಬಂದಾಗ, ಈಗಾದ್ರೂ ಕೂಗಪ್ಪಾ ಅಂತ ಮನಸ್ನಲ್ಲೇ ಕೈ ಮುಗ್ದೆ."

ಗೊತ್ತಿದ್ದೂ ಇಷ್ಟು ವರ್ಷ ಸಿಹಿ ತಂದೆಯಲ್ಲಪ್ಪ, ಯಾಕೆ ಎಂದು ಕೇಳಿದೆ.

"ಕೂಗುದ್ರಲ್ಲ ಸಾ" ಎಂದ. ಆಮೇಲೆ, "ನೀವಾಗೇ ಒಂದಿನ ಯೋಳ್ತೀರಿ ಅಂತಾನೂ ವರ್ಷಾ ವರ್ಷಾ ಬತ್ತಿದ್ದೆ. ನೀವು ಕಾಪಿ ತರಕ್ಕೆ ಎದ್ದೋಯ್ತಿದ್ರಿ" ಎಂದ.

ಅವನ ಹೆಂಡತಿ ಎರಡು ಲೋಟ ಕಾಫಿ ತಂದಿಟ್ಟಳು. ಈ ಸಲ ನಾನು ಏಳಲಿಲ್ಲ, ಅವನ ಎದುರಿಗೇ ಕೂತು ಕುಡಿದೆ.